ನೈವೇದ್ಯಕ್ಕೆ ಮೊದಲು ತೆಗೆದಿಟ್ಟ ಕಡಲೆ

ಭಾಂಡುಪ್‌ನಲ್ಲಿ ನಮ್ಮ ಚಾಳಿನ ಹಿಂದೆ ಒಂದು ವಿಠಲ ಮಂದಿರವಿತ್ತು. ಅದರ ಮಗ್ಗುಲಲ್ಲಿ ತಗಡಿನ ಮಾಡು ಹಾಕಿ ಕನ್ನಡ ಸಾಲೆ ನಡೆಸುತ್ತಿದ್ದರು. ಮಂದಿರ ಕಟ್ಟಿದವರದೇ ಸಾಲೆ. ಮುಂಜಾನೆ ಏಳಕ್ಕೆ ಮಕ್ಕಳೆಲ್ಲ ಮಂದಿರದಲ್ಲಿ ಕೈಮುಗಿದು ನಿಂತು ಭಜನೆ ಹೇಳಬೇಕು, ಆರತಿಯಾಗಬೇಕು, ಆಮೇಲೆ ತಲೆಗೊಂದು ದೊನ್ನೆ ಕಡಲೆ ಉಸಲಿ ಪ್ರಸಾದ. ಆ ಉಸಲಿ ಮಾಡುವವಳು ನಾನು. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದವಳು, ಓದಿದ್ದು ಎರಡನೆಯ ಇಯತ್ತೆ. ದೇವರ ಒಲೆ ನನ್ನ ಕೈಯಲ್ಲಿದೆ ಎಂಬ ಜಂಬ ನನಗೆ ಸಾಕಷ್ಟಿತ್ತು.

ದೇವರ ಅಡಿಗೆಗೆ ನಮ್ಮವ್ವ ಕಲಿಸಿದ್ದು ಒಂದೇ ಕಟ್ಟಳೆ. ಅದು ಮೀಸಲು. ತುಳಸಿ ಇಟ್ಟು, ನೀರು ಸುತ್ತಿ, ದೇವರಿಗೆ ತೋರಿಸುವ ತನಕ ಪಾತ್ರೆಯಿಂದ ಒಂದು ಕಾಳೂ ಹೊರಗೆ ಹೋಗಬಾರದು. ಉಪ್ಪು ಸರಿಯಾಯಿತೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುವಂತೆಯೂ ಇಲ್ಲ. ಹಸಿದ ಕೂಸು ಅತ್ತರೆ ಅಳಲಿ.

ಒಂದು ದಿನ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ಹೋದ. ಮರುದಿನ ಧಾರವಾಡದ ನಮ್ಮ ಹೆಡ್ ಮಾಸ್ತರರು ಕೈಯಲ್ಲಿ ಕಾಗದದ ಕಟ್ಟು ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದರು.

“ಗ್ರ್ಯಾಂಟ್ ತಗೊಳ್ಳೂ ಸಾಲ್ಯಾಗ ಪ್ರಾರ್ಥನಾ ಒತ್ತಾಯ ಮಾಡಂಗಿಲ್ಲಂತ್ರೀ. ತಂದಿ-ತಾಯಿ ಒಪ್ಪಿಗಿ ಬರದು ಕೊಟ್ರ ಮಾತ್ರ ಹುಡುಗ್ರನ್ನ ನಿಂದರಸಬೇಕು.”

“ಕೊಡದಿದ್ರ?”

“ವರಾಂಡಾದಾಗ ಕುಂಡ್ರಸೂದು.”

“ಮತ್ತ ಉಸಲಿ?”

ಮಾಸ್ತರರು ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಉಸಲಿ ಬಗ್ಗೆ ಏನೂ ಬರದಿಲ್ಲ ಬಿಡ್ರೀ.”

ಕಾಗದ ಮನೆಮನೆಗೆ ಹೋಯಿತು. ಕೆಲವರು ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಒಪ್ಪಿಗೆ ಇಲ್ಲವೆಂದು ಬಂದದ್ದು ಒಂದೇ ಕಾಗದ. ಅದು ಎರಡು ಗಲ್ಲಿ ಆಚೆಗಿದ್ದ ಮುಸಲ್ಮಾನ ಟೇಲರನದು. ಅವನೂ ವಿಜಾಪುರದ ಕಡೆಯವನೇ, ನಮ್ಮ ಹಾಗೆಯೇ ಮಾತಾಡುವವನು. ಅವನ ಮಗಳು ಮೂರನೆಯ ಇಯತ್ತೆಯಲ್ಲಿದ್ದಳು. ಅಲ್ಲಿಯವರೆಗೆ ಎಲ್ಲರ ಜತೆ ಅವಳೂ ಕೈಮುಗಿದು ನಿಲ್ಲುತ್ತಿದ್ದಳು, ಉಸಲಿ ತಿನ್ನುತ್ತಿದ್ದಳು. ಯಾರೂ ಏನೂ ಅಂದಿರಲಿಲ್ಲ. ಅವಳಪ್ಪನನ್ನು ಯಾರೂ ಕೇಳಿಯೂ ಇರಲಿಲ್ಲ.

ಮರುದಿನದಿಂದ ಅವಳು ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ವರಾಂಡದಲ್ಲಿ ಒಬ್ಬಳೇ ಕುಳಿತಳು. ಆರತಿ ಮುಗಿದ ಮೇಲೆ ನಾನು ದೊನ್ನೆ ಒಯ್ದು ಕೊಟ್ಟೆ. ಅವಳು ಕೈ ಹಿಂದೆ ಕಟ್ಟಿಕೊಂಡಳು.

“ದೇವರಿಗೆ ತೋರ್ಸಿದ್ದು ತಿನಬ್ಯಾಡ ಅಂದಾನ್ರೀ ಅಪ್ಪ.”

ನನಗೆ ಸಿಟ್ಟು ಬಂತು. “ತಿನಬ್ಯಾಡ ಹೋಗು, ಯಾರಿಗೇನು,” ಎಂದು ದೊನ್ನೆ ವಾಪಸು ತಂದೆ. ಎಂಟು ವರ್ಷದ ಕೂಸಿಗೆ ಹಾಗೆ ಅಂದವಳು ನಾನೇ.

ಐದಾರು ದಿನ ಹೀಗೇ ನಡೆಯಿತು. ಅವಳ ತಾಯಿ ಹೆತ್ತು ಹಾಸಿಗೆ ಹಿಡಿದಿದ್ದಳು. ಮುಂಜಾನೆ ಕರಿ ಚಹಾ ಕುಡಿದು ಬರುವ ಹುಡುಗಿಗೆ ಮಧ್ಯಾಹ್ನದವರೆಗೆ ಹೊಟ್ಟೆಗೆ ಬೀಳುತ್ತಿದ್ದದ್ದು ಆ ಉಸಲಿಯೊಂದೇ ಎಂದು ಮಾಸ್ತರರು ಹೇಳಿದರು. ಆಮೇಲೆ ಅವಳು ಬರುವುದನ್ನೇ ಬಿಟ್ಟಳು.

ನಾನು ಟೇಲರನ ಅಂಗಡಿಗೆ ಹೋದೆ. ಜಗಳ ಮಾಡಲೆಂದೇ ಹೋದದ್ದು.

“ಅಲ್ಲೋ ತಮ್ಮಾ, ಇಷ್ಟ ದಿನಾ ಇಲ್ಲದ್ದು ಈಗೇನು ಬಂತು ನಿನಗ?”

ಅವನು ಮಷಿನ್ ತುಳಿಯುತ್ತಲೇ ಹೇಳಿದ: “ಇಷ್ಟ ದಿನಾ ಯಾರೂ ಕೇಳಲಿಲ್ರೀ ಅಕ್ಕಾರ, ನಾನೂ ನೋಡಲಿಲ್ಲ. ಈಗ ಕಾಗದ ಕೊಟ್ಟು ಕೇಳ್ಯಾರ. ಕೇಳಿದ ಮ್ಯಾಲ ಹೂಂ ಅಂತ ಹೆಂಗ ಸಹಿ ಮಾಡ್ಲಿ?”

“ಸಾಲಿ ಯಾಕ ಬಿಡಿಸಿದಿ?” ಎಂದೆ.

“ಎಲ್ಲಾರೂ ತಿನ್ನೂವಾಗ ಬಾಯಿ ನೋಡ್ಕೋತ ಕುಂಡ್ರೂದು ಕೂಸಿಗೆ ಆಗವಲ್ದು. ದಿನಾ ಅತ್ಕೋತ ಬರ್ತಾಳ. ಉರ್ದು ಸಾಲಿ ಐತಿ, ಕುರ್ಲಾದಾಗ. ಒಬ್ಬಾಕಿನ್ನ ಲೋಕಲ್ ರೈಲ್‌ನ್ಯಾಗ ಕಳಸ್ಲೇನು? ಮನ್ಯಾಗ ಇರ್ತಾಳ, ತಮ್ಮನ್ನ ಎತ್ತಾಡಸ್ತಾಳ.”

ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಸಾಲೆಗೆ ಹೋಗುವುದಿಲ್ಲ. ಅದು ನನಗೆ ಗೊತ್ತಿದ್ದಷ್ಟು ಆ ಮಾಸ್ತರರಿಗೂ ಗೊತ್ತಿರಲಿಲ್ಲ. ನನ್ನನ್ನು ಬಿಡಿಸಿದ್ದೂ ತಮ್ಮನ ನೆವ ಹೇಳಿಯೇ.

“ದೇವರಿಗೆ ತೋರ್ಸೂದಕ್ಕಿಂತ ಮೊದಲ ತಗದಿಟ್ರ?” ಎಂದೆ. ಯೋಚನೆ ಮಾಡುವುದಕ್ಕೆ ಮೊದಲೇ ಮಾತು ಹೊರಗೆ ಬಿದ್ದಿತ್ತು.

ಅವನು ಮಷಿನ್ ನಿಲ್ಲಿಸಿದ. “ಹಂಗಾದ್ರ ಅದು ಬರೇ ಕಡ್ಲಿ. ಕಡ್ಲಿಗೆ ನಂದೇನು ತಕರಾರು? ಆದ್ರ ಅಕ್ಕಾರ, ನಿಮಗ ನಡೀತೈತೇನ್ರೀ ಅದು?”

ಮೀಸಲು ಎಂದರೆ ಏನೆಂದು ಅವನಿಗೂ ಗೊತ್ತಿತ್ತು. “ನಿನ್ನ ಮಗಳನ್ನ ನೀ ಕಳಸು,” ಎಂದೆ. “ನಂದು ನಾ ನೋಡ್ಕೋತೀನಿ.”

ಬೇರೆ ಪಾತ್ರೆಯಲ್ಲಿ ಬೇಯಿಸಬಾರದಿತ್ತೇ ಎಂದು ಈಗ ಮೊಮ್ಮಕ್ಕಳು ಕೇಳುತ್ತಾರೆ. ಒಲೆ ಒಂದು, ದೊಡ್ಡ ಪಾತ್ರೆ ಒಂದು, ಏಳರೊಳಗೆ ಎಲ್ಲ ಆಗಬೇಕು. ಮರುದಿನ ಒಗ್ಗರಣೆ ಹಾಕಿದ ಮೇಲೆ ಸೌಟು ಹಿಡಿದು ಸುಮ್ಮನೆ ನಿಂತುಬಿಟ್ಟೆ. ಒಳಗೆ ಭಜನೆ ಶುರುವಾಯಿತು. ಕಣ್ಣು ಮುಚ್ಚಿ ಒಂದು ಸೌಟು ತೆಗೆದು ದೊನ್ನೆಗೆ ಹಾಕಿದೆ. ಪಾತ್ರೆ ಒಡೆಯಲಿಲ್ಲ, ಒಲೆಯೂ ಆರಲಿಲ್ಲ. ಹುಡುಗಿ ಒಂದು ಕಾಳನ್ನೂ ಬಿಡದೆ ತಿಂದಳು. ಉಪ್ಪು ಕಡಿಮೆಯಾಗಿದೆ ಎಂದಳು. ಆ ಅಡಿಗೆಗೆ ಮೊದಲ ಸಲ ನಾನು ಉಪ್ಪು ಸರಿಮಾಡಿ ದೇವರ ಮುಂದೆ ಇಟ್ಟೆ.

ವಾರದೊಳಗೆ ಬೇರೆ ಪೀಕಲಾಟ ಬಂತು. ತಾವು ಕೈಮುಗಿದು ನಿಂತಿರುವಾಗ ಇವಳು ಬಿಸಿ ಉಸಲಿ ತಿನ್ನುವುದನ್ನು ಮಕ್ಕಳು ಕಿಟಕಿಯಿಂದ ನೋಡಿದ್ದವು. ನಾಲ್ಕು ಹುಡುಗರು ವರಾಂಡಕ್ಕೆ ಬಂದು ಸಾಲಾಗಿ ಕುಳಿತರು. “ನಮ್ಮಪ್ಪಾನೂ ಒಪ್ಪಿಗಿ ಇಲ್ಲ ಅಂತ ಬರೀತಾನ್ರೀ, ನಮಗೂ ಮೊದ್ಲ ಹಾಕ್ರೀ!”

ಇದು ಮಂದಿರದ ಯಜಮಾನರ ಕಿವಿಗೆ ಬಿತ್ತು. ಅವರು ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು, ಕಡಲೆ ಅವರ ಉಗ್ರಾಣದಿಂದಲೇ ಬರುತ್ತಿತ್ತು. ಬಂದವರೇ ಅಡಿಗೆಮನೆಯ ಹೊಸಿಲಲ್ಲಿ ನಿಂತರು.

“ಎಂತ ಅಕ್ಕ ಇದು? ದೇವರಿಗೆ ಇಡುವ ಮೊದಲೇ ಬಡಿಸುವುದಾ? ನಿಮಗೆ ತಿಳಿಯುವುದಿಲ್ವಾ?”

“ತಿಳೀತದ. ತಿಳದ ಮಾಡೀನಿ.”

“ಸರ್ಕಾರ ಪ್ರಾರ್ಥನೆಗೆ ಹೇಳಿದ್ದು. ನಮ್ಮ ಒಲೆಗೆ ಹೇಳಿದೆಯಾ?”

“ಇಲ್ಲ. ಒಲಿಗೆ ನಾನ ಹೇಳೀನಿ,” ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಲಿಲ್ಲ. “ನಿಮ್ಮ ಹೋಟೆಲ್‌ನ್ಯಾಗ ಮುಂಜಾನಿ ಮೊದಲ್ನೇ ಇಡ್ಲಿ ಗಿರಾಕಿಗೆ ಹೋಗ್ತದೋ ದೇವರಿಗೋ, ಹೇಳ್ರಿ ಮಾಲಕರ?”

“ದೇವರಿಗೆ ಮಾರಾಯ್ತಿ! ಇವತ್ತಿನವರೆಗೆ ಒಂದು ದಿನ ತಪ್ಪಲಿಲ್ಲ.”

ಅವರು ಸುಳ್ಳು ಹೇಳುವವರಲ್ಲ. ನನ್ನ ಮುಖ ಸಣ್ಣದಾಯಿತು. ಅವರ ಹಿಂದೆಯೇ ಬಂದು ನಿಂತಿದ್ದ ಮಾಸ್ತರರು ನಗು ನುಂಗಿದರು.

ಯಜಮಾನರು ದನಿ ತಗ್ಗಿಸಿ ಹೇಳಿದರು: “ಹುಡುಗಿ ಉಪವಾಸ ಇರಲಿ ಅಂತ ನಾನು ಹೇಳುವುದಿಲ್ಲ. ಆದರೆ ಮೀಸಲು ಮುರಿದ ಕೈಯಲ್ಲಿ ನೈವೇದ್ಯ ಆಗುವುದಿಲ್ಲ. ಒಂದೋ ಇದನ್ನು ಬಿಡಿ, ಇಲ್ಲ ದೇವರ ಅಡಿಗೆ ಬಿಡಿ.”

ಹುಡುಗಿ ವರಾಂಡದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಇದನ್ನು ಬಿಟ್ಟರೆ ಅವಳು ನಾಳೆ ಬರುವುದಿಲ್ಲ. ದೇವರಿಗೆ ಅಡಿಗೆ ಮಾಡಲು ಬೇರೆ ಕೈ ಸಿಗುತ್ತದೆ.

“ದೇವರದು ಬಿಟ್ಟೆ,” ಎಂದೆ.

ಮರುದಿನದಿಂದ ವಿಠಲನ ನೈವೇದ್ಯವನ್ನು ಯಜಮಾನರ ತಾಯಿ ಮನೆಯಲ್ಲೇ ಮಾಡಿ ಬಟ್ಟಲಲ್ಲಿ ತಂದರು. ನನ್ನ ದೊಡ್ಡ ಪಾತ್ರೆ ಪ್ರಸಾದವಾಗುವುದು ನಿಂತುಹೋಯಿತು. ಸಾಲೆಯ ಗಂಟೆ ಹೊಡೆದ ಮೇಲೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಬಡಿಸುವ ಬರೇ ಉಸಲಿಯಾಯಿತು. ಕಡಲೆ ಮಾತ್ರ ಯಜಮಾನರು ಮೊದಲಿನಂತೆಯೇ ಕಳಿಸಿದರು. ಪ್ರಾರ್ಥನೆಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. “ನೋಡ್ರೀ, ವಿಠಲನ ಮಂದಿ ಅಂತ ತಿಳಕೊಂಡಿದ್ವಿ, ಎಲ್ಲಾ ನಿಮ್ಮ ಉಸಲಿ ಮಂದೀನ,” ಎಂದರು ಮಾಸ್ತರರು.

ಕಾಯ್ದೆ ತಪ್ಪೆಂದು ನಾನು ಹೇಳುವುದಿಲ್ಲ. ಕೇಳದೆ ಇನ್ನೊಬ್ಬರ ಮಗಳನ್ನು ಕೈಮುಗಿಸಿ ನಿಲ್ಲಿಸಿದ್ದು ನಾವೇ. ಆದರೆ ಕಾಗದಕ್ಕೆ ಉತ್ತರ ಬರೆದವನು ಅಪ್ಪ, ಅದನ್ನು ಹೊಟ್ಟೆಯ ಮೇಲೆ ಹೊತ್ತವಳು ಮಗಳು. ಅಷ್ಟು ದೂರ ಯಾವ ಇನ್ಸ್‌ಪೆಕ್ಟರೂ ನೋಡಲಿಲ್ಲ. ಹುಡುಗಿ ನಾಲ್ಕನೆಯ ಇಯತ್ತೆ ಪಾಸಾದಳು. ನಮ್ಮ ಸಾಲೆ ಇದ್ದದ್ದೇ ಅಲ್ಲಿಯವರೆಗೆ. ಮುಂದೆ ಓದಿದಳೋ ಇಲ್ಲವೋ ಗೊತ್ತಿಲ್ಲ, ಅವರು ಬೇರೆ ಕಡೆ ಹೋದರು.

ದೇವರ ಒಲೆ ಬಿಟ್ಟ ಮೊದಲ ಮುಂಜಾನೆ ನಾನು ಮಂದಿರದ ಬಾಗಿಲಲ್ಲಿ ಎಲ್ಲರ ಹಿಂದೆ ನಿಂತೆ. ಒಳಗೆ ಬೇರೆಯವರು ಮಾಡಿದ ನೈವೇದ್ಯಕ್ಕೆ ನೀರು ಸುತ್ತುತ್ತಿದ್ದರು. ಕೈಮುಗಿದೆ. ತಪ್ಪಾಯಿತು ಎನ್ನಲು ಹೋದೆ. ಅಷ್ಟರಲ್ಲಿ ಸಾಲೆಯ ಗಂಟೆ ಹೊಡೆಯಿತು. ಬಡಿಸಲು ಹೋದೆ.