ನನ್ನ ರಾಜ್ಯದ ಮಂದಿ ಸಿಟ್ಟಾದ ಬೇಸಿಗೆ

ಮನೆಮಂದಿಗೆಲ್ಲ ಸೇರಿ ಒಂದೇ ಫೋನಿದ್ದ ದಿನಗಳವು. ಕಂಪ್ಯೂಟರ್ ಮುಟ್ಟಬೇಕೆಂದರೆ ನಮಗಿದ್ದದ್ದು ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ನಡೆಸುತ್ತಿದ್ದ ಝೆರಾಕ್ಸ್ ಅಂಗಡಿ. ಬೇಸಿಗೆ ಸೂಟಿಗೆ ರಾಮದುರ್ಗದಿಂದ ಅತ್ತೆಯ ಮಗಳು ಸವಿತಾ ಬರುತ್ತಿದ್ದಳು. ಆ ವರ್ಷ ಇಬ್ಬರೂ ಏಳನೆಯ ತರಗತಿ ಮುಗಿಸಿದ್ದೆವು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಕಾಕಾ ಶಟರ್ ಅರ್ಧ ಎಳೆದು ಮರದ ಬಾಕಿನ ಮೇಲೆ ಅಡ್ಡಾಗುತ್ತಿದ್ದ. ಬಿಸಿ ಕಾಗದದ ವಾಸನೆಯ ನಡುವೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಚೀಪುತ್ತ, ನಾವು ಕಂಪ್ಯೂಟರಿಗೆ ಅಂಟಿಕೊಳ್ಳುತ್ತಿದ್ದೆವು.

ರಿಪೇರಿಗೆ ಬಂದವನೊಬ್ಬ ಅದರಲ್ಲಿ ಒಂದು ಆಟ ಹಾಕಿಕೊಟ್ಟಿದ್ದ. ಇಬ್ಬರೂ ಒಂದೊಂದು ರಾಜ್ಯ ಕಟ್ಟಬೇಕು. ಊರು, ಹೊಲ, ರಸ್ತೆ, ಸೈನ್ಯ ಎಲ್ಲವೂ ಅದರಲ್ಲಿತ್ತು. ಒಬ್ಬರ ಪಾಳಿ ನಡೆಯುವಾಗ ಇನ್ನೊಬ್ಬರು ಗೋಡೆಯ ಕಡೆ ಮುಖ ಮಾಡಿ ಕೂರಬೇಕೆಂಬುದು ನಮ್ಮ ಕರಾರು. ನನ್ನ ಊರುಗಳಿಗೆ ಬೈಲಹೊಂಗಲ, ಸವದತ್ತಿ, ಸಿರಸಂಗಿ ಎಂದು ಹೆಸರಿಟ್ಟಿದ್ದೆ.

ಆಟ ಅರ್ಧ ದಾಟಿದಾಗ ಪರದೆಯ ಮೇಲೆ ಮೂರು ಚಿತ್ರಗಳು ಬಂದವು. ರಾಜ್ಯಕ್ಕೊಂದು ಸಿದ್ಧಾಂತ ಆರಿಸಿಕೊಳ್ಳಬೇಕಂತೆ. ಕನ್ನಡ ಶಾಲೆಯ ನಮಗೆ ಆ ಇಂಗ್ಲಿಷು ತಲೆಗೆ ಹತ್ತಲಿಲ್ಲ. ಬಂದೂಕಿನ ಚಿತ್ರವಿದ್ದುದನ್ನು ನಾನು ಒತ್ತಿದೆ. ಸವಿತಾ ಬೇರೆಯದನ್ನು ಒತ್ತಿದಳು.

ಅಲ್ಲಿಂದ ನನ್ನ ಮಂದಿ ಸಿಟ್ಟಾಗತೊಡಗಿದರು. ಪರದೆಯ ತುದಿಯಲ್ಲಿ ಒಂದು ಕೆಂಪು ಮುಖ ಮೂಡಿತು. ಹಸಿವಿರಬೇಕೆಂದು ಕಣಜ ಕಟ್ಟಿಸಿದೆ. ಮುಖ ಇನ್ನಷ್ಟು ಕೆಂಪಾಯಿತು. ಆಟದ ಬಯಲು ಮಾಡಿಸಿಕೊಟ್ಟರೂ ಬಂಡುಕೋರರು ಹುಟ್ಟಿಕೊಂಡರು. ಬರವಿಲ್ಲ, ಯುದ್ಧವಿಲ್ಲ. ಯಾಕೆ ಸಿಟ್ಟೆಂಬುದು ಮಾತ್ರ ತಿಳಿಯದು. ಊಟಕ್ಕೆ ಕೂತರೂ ಅದೇ ಧ್ಯಾನ. ರೊಟ್ಟಿ ತಟ್ಟೆಯಲ್ಲೇ ಆರುತ್ತಿತ್ತು.

ಒಂದು ಮಧ್ಯಾಹ್ನ ಸಿರಸಂಗಿ ನನ್ನ ಕೈತಪ್ಪಿತು. ಒಂದು ಗುಂಡೂ ಹಾರದೆ, ತಾನಾಗಿಯೇ ಸವಿತಾಳ ರಾಜ್ಯಕ್ಕೆ ಸೇರಿಕೊಂಡಿತು.

"ನೀ ಏನೋ ಮೋಸ ಮಾಡೀದಿ," ಎಂದೆ.

"ನಾ ಏನೂ ಮಾಡಿಲ್ಲ. ಆದ್ರ ಯಾಕ ಹಂಗಾತು ಅನ್ನೋದು ಗೊತ್ತೈತಿ. ಹೇಳ್ಲೇನು?"

ಕಾಕಾನ ಇಂಗ್ಲಿಷ್ ಡಿಕ್ಷನರಿ ಹಿಡಿದು ಆಕೆ ಪರದೆಯ ಸಣ್ಣ ಅಕ್ಷರಗಳನ್ನೆಲ್ಲ ಓದಿದ್ದಳು.

"ನಿನ್ನ ಮಂದಿಗೆ ಹಸಿವಿ ಇಲ್ಲ, ವಿಜಿ. ನನ್ನ ಊರಾಗಿನ ಹಾಡು, ಚಿತ್ರ, ಪುಸ್ತಕ ಎಲ್ಲಾ ನಿನ್ನ ಕಡೆ ಬರಾಕತ್ತಾವು. ಅವನ್ನ ನೋಡಿ ಅವರಿಗೆ ನನ್ನ ಪದ್ಧತೀನ ಛಲೋ ಅನಸಾಕತ್ತೈತಿ. ನೀನೂ ಆ ಬಂದೂಕಿನ ಚಿತ್ರ ಬಿಟ್ಟು ನನ್ನ ಚಿತ್ರಕ್ಕ ಬದಲು ಮಾಡು. ಇಲ್ಲಂದ್ರ ಸವದತ್ತೀನೂ ನಿನ್ನ ಕೈ ಬಿಟ್ಟು ಹೋಗತೈತಿ."

"ಬದಲು ಮಾಡಿದ್ರ ಏನಾಗತೈತಿ?"

"ಸ್ವಲ್ಪ ಪಾಳಿ ಎಲ್ಲಾ ಗೊಂದಲ. ಯಾವ ಊರಾಗೂ ಕೆಲಸ ನಡ್ಯಂಗಿಲ್ಲ."

ನನಗೆ ಅದೇ ಹೆದರಿಕೆ. ಆಕೆಯ ತೋಪುಗಳು ನನ್ನ ಗಡಿಯಲ್ಲೇ ಸಾಲಾಗಿ ನಿಂತಿದ್ದವು. ನಾನು ಕೈಕಟ್ಟಿ ಕೂತಾಗ ಆಕೆ ಬೈಲಹೊಂಗಲವನ್ನೇ ಹಿಡಿಯಬಹುದು. ಆಟದ ಒಳಗುಟ್ಟು ತಿಳಿದಿದ್ದವಳು ನನ್ನ ಎದುರಾಳಿಯೊಬ್ಬಳೇ. ಕಾಕಾನನ್ನು ಅಲುಗಾಡಿಸಿ ಎಬ್ಬಿಸಿದೆ.

"ಕಾಕಾ, ಆಕಿ ಹೇಳೋದು ಖರೇ ಇದ್ದೀತೇನು?"

"ನನಗ ಈ ಆಟ ತಿಳ್ಯಂಗಿಲ್ಲವಾ," ಎಂದ ಕಣ್ಣು ತೆರೆಯದೆ. "ಆಕಿನ್ನ ಹುಟ್ಟಿದಾಗಿಂದ ನೋಡೀದಿ. ಅದನ್ನ ವಿಚಾರ ಮಾಡು."

ಬದಲು ಮಾಡುವ ಗುಂಡಿ ಒತ್ತಿದೆ. ನನ್ನ ಊರುಗಳ ಮೇಲೆಲ್ಲ ಬೆಂಕಿಯ ಗುರುತು ಎದ್ದಿತು. ಸವಿತಾಳ ಪಾಳಿ ಬಂತು. ನಾನು ಗೋಡೆಯತ್ತ ತಿರುಗಿ ಸುಣ್ಣದ ಬಿರುಕು ನೋಡುತ್ತ ಕೂತೆ. ಬೆನ್ನ ಹಿಂದೆ ಮೌಸಿನ ಟಕ್ ಟಕ್. ದಾಳಿ ಮಾಡಿದರೆ ತೋಪಿನ ಸದ್ದು ಬರುತ್ತದೆ. ಬರಲಿಲ್ಲ. "ಮುಗೀತು," ಎಂದಳು. ನನ್ನ ಪಾಳಿಯಲ್ಲಿ ಮಾಡಲು ಏನೂ ಇರಲಿಲ್ಲ, ಮತ್ತೆ ಗೋಡೆ. ಇನ್ನೊಮ್ಮೆ ತಿರುಗಿ ಕೂತಾಗ ಢಣ್ ಎಂದಿತು. ತಟ್ಟನೆ ತಿರುಗಿದೆ. ಯಾರೋ ಗಿರಾಕಿ ಶಟರ್ ಎತ್ತಿದ್ದ.

"ಈ ಕಡೆ ನೋಡಬ್ಯಾಡ. ಇನ್ನೂ ನನ್ನ ಪಾಳಿ ಐತಿ," ಎಂದಳು ಸವಿತಾ, ತಣ್ಣಗೆ.

ಗೊಂದಲ ಮುಗಿದಾಗ ಕೆಂಪು ಮುಖ ತಿಳಿಯಾಗಿತ್ತು. ಗಡಿಯ ತೋಪುಗಳು ನಿಂತಲ್ಲೇ ನಿಂತಿದ್ದವು. ಸಿರಸಂಗಿ ಮರಳಿ ಬರಲಿಲ್ಲ, ಕೊನೆಗೆ ಆಟ ಗೆದ್ದವಳೂ ಸವಿತಾಳೇ. ಮನೆಗೆ ನಡೆಯುವಾಗ, ಗೊಂದಲದ ಪಾಳಿಗಳಲ್ಲಿ ಯಾಕೆ ಹೊಡೆಯಲಿಲ್ಲವೆಂದು ಕೇಳಿದೆ.

"ಬದಲು ಮಾಡು ಅಂತ ನಾನ ಹೇಳಿ, ಆಮ್ಯಾಲ ನಾನ ಹೊಡದ್ರ, ಮತ್ತೊಮ್ಮೆ ನಾ ಹೇಳಿದ್ದನ್ನ ನೀ ಕೇಳ್ತಿದ್ದೇನು?"

ಈಗ ಸವಿತಾ ಸವದತ್ತಿಯಲ್ಲಿ ಶಿಕ್ಷಕಿ. ನಾನು ಬೈಲಹೊಂಗಲದಲ್ಲೇ ಇದ್ದೇನೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರೂ ಇದ್ದೇವೆ. ಆಕೆಯ ಪಕ್ಷ ಒಂದು, ನನ್ನದು ಇನ್ನೊಂದು. ಹೋದ ಚುನಾವಣೆಯ ಹೊತ್ತಿಗೆ ಆಕೆ ನನಗೊಬ್ಬಳಿಗೇ ಒಂದು ಉದ್ದನೆಯ ಸಂದೇಶ ಕಳಿಸಿದ್ದಳು. "ಪೂರ್ತಿ ಓದು, ಆಮ್ಯಾಲ ಜಗಳ ಮಾಡು," ಎಂಬುದು ಅದರ ಮೊದಲ ಸಾಲು. ಎರಡನೆಯ ಸಾಲಿಗೇ ನಾನು ಉತ್ತರ ಬರೆದೆ. ನನ್ನ ಉತ್ತರವನ್ನು ಆಕೆಯೂ ಪೂರ್ತಿ ಓದಿದಂತೆ ಕಾಣಲಿಲ್ಲ. ಅದಾದ ಮೇಲೆ ನಮ್ಮ ನಡುವೆ ಜಗಳವೂ ಇಲ್ಲ. ಹಬ್ಬದ ದಿನ ಆಕೆ ನನಗೊಂದು ಹೂವಿನ ಚಿತ್ರ ಕಳಿಸುತ್ತಾಳೆ, ನಾನು ಆಕೆಗೊಂದು ದೀಪದ ಚಿತ್ರ ಕಳಿಸುತ್ತೇನೆ.