ಕುಪ್ಪಗಡ್ಡೆಯಲ್ಲಿ ಬೆಂದ ಕ್ರಿಸ್‌ಮಸ್ ಪುಡಿಂಗ್

ನನ್ನ ಸೌಟನ್ನು ನಾನು ಯಾರ ಕೈಗೂ ಕೊಟ್ಟವನಲ್ಲ. ಮದುವೆ ಮನೆಯ ಯಜಮಾನರೇ ಬಂದು ‘ಒಂಚೂರು ತಿರುಗಿಸ್ಲಾ?’ ಅಂದರೂ, ‘ನೀವು ಹೋಗಿ ಬಂದೋರನ್ನ ಮಾತಾಡಿಸ್ರೀ’ ಎಂದು ಸಾಗಹಾಕಿದ್ದೇನೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಶಿಕಾರಿಪುರದಲ್ಲಿ ಒಲೆ ಮುಂದೆ ಕೂತವನು ನಾನು. ಅಡುಗೆ ಶುರುವಾದ ಮೇಲೆ ಒಂದೇ ಕೈ. ಅದು ನಮ್ಮ ಕಸುಬಿನ ಕಾನೂನು.

ಆ ಕಾನೂನನ್ನು ಕಳೆದ ಭಾನುವಾರ ಒಬ್ಬ ಇಂಗ್ಲಿಷ್ ಹೆಣ್ಣುಮಗಳು ಮುರಿದಳು.

ಹೆಲೆನ್ ಬಂದಳಿಕೆಯ ಶಾಸನ ಓದಲು ಇಂಗ್ಲೆಂಡಿನಿಂದ ಬಂದವಳು. ಕುಪ್ಪಗಡ್ಡೆಯ ಶೇಖರನನ್ನು ಮದುವೆಯಾಗಿ ಇಲ್ಲೇ ಉಳಿದಳು. (ಕನ್ನಡವನ್ನೂ ಕಲ್ಲಿನ ಮೇಲಿಂದಲೇ ಕಲಿತಳೋ ಏನೋ, ‘ತಾವು ದಯಮಾಡಿಸಬೇಕು’ ಎಂದೇ ನನಗೆ ಫೋನು ಮಾಡಿದ್ದು.) ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಶೇಖರನ ತಾಯಿ ಗಂಗಮ್ಮನವರಿಗೆ ಗೊತ್ತಾದದ್ದು ಆಮೇಲೆ. ಅಂದಿನಿಂದ ಎರಡು ವರ್ಷ, ಅವರು ಸೊಸೆಯ ಜೊತೆ ನೇರವಾಗಿ ಮಾತಾಡಿಲ್ಲ. ಅವಳು ಎದುರಿಗೇ ನಿಂತಿದ್ದರೂ ‘ಶೇಖರ, ಅವಳಿಗೆ ಊಟಕ್ಕೆ ಬಾ ಅನ್ನು’ ಅನ್ನುತ್ತಾರೆ. ಶೇಖರ ಅನ್ನಬೇಕು. ಅವಳು ‘ಬಂದೆನೆಂದು ತಿಳಿಸು’ ಅನ್ನಬೇಕು.

ಹೆಲೆನ್‌ಗೆ ಬೇಕಾಗಿದ್ದು ನನ್ನ ದೊಡ್ಡ ಇಡ್ಲಿ ಪಾತ್ರೆ. ಅವರ ಕ್ರಿಸ್‌ಮಸ್ ಪುಡಿಂಗ್ ಎಂಟು ತಾಸು ಹಬೆಯಲ್ಲಿ ಬೇಯಬೇಕಂತೆ.

‘ಹಬ್ಬಕ್ಕೆ ಇನ್ನೂ ತಿಂಗಳಿದೆಯಲ್ಲಮ್ಮ?’

‘ಬೆಂದ ಮೇಲೆ ಅದು ಒಂದು ತಿಂಗಳು ಕಾಯಬೇಕು.’

ಬೆಳಗಿನ ಸಾರು ಸಂಜೆಗೆ ಉಳಿದರೆ ಮೂಗು ಮುರಿಯುವ ಜನ ನಾವು. ತಿಂಗಳು ಮೊದಲೇ ಬೇಯಿಸಿಟ್ಟ ಹಬ್ಬದ ಸಿಹಿ ಎಂದರೆ ಬೆರಗಾಗದೆ ಇರುತ್ತದೆಯೇ? ಅಸಲಿಗೆ ಅದಕ್ಕೆ ಕುರಿಯ ಕೊಬ್ಬು, ಮೊಟ್ಟೆ, ಬ್ರಾಂಡಿ ಎಲ್ಲ ಬೀಳುತ್ತವಂತೆ. ಗಂಗಮ್ಮನವರ ಅಡುಗೆಮನೆಯಲ್ಲಿ ಅದೆಲ್ಲ ನಡೆಯುತ್ತದೆಯೇ? ಹೆಲೆನ್ ತಾನೇ ಮೂರನ್ನೂ ಬಿಟ್ಟು ಬೆಣ್ಣೆ, ಬೆಲ್ಲ, ಕಿತ್ತಳೆ ರಸ ಬರೆದುಕೊಟ್ಟಿದ್ದಳು.

ಬೆಳಿಗ್ಗೆ ಬೇಗ ಹೋದೆ. ಹಿತ್ತಿಲಲ್ಲಿ ಒಲೆ ಹೂಡಿದೆ. ಬ್ರೆಡ್ ಪುಡಿ, ಹಿಟ್ಟು, ಖರ್ಜೂರ, ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲ ಸೇರಿಸಿ ಹದವಾಗಿ ಕಲಸಿಟ್ಟೆ. ಮನೆಯವರಿಗೆ ಒಂದು ಕಡ್ಡಿಯ ಕೆಲಸವನ್ನೂ ಉಳಿಸಲಿಲ್ಲ.

ಹೆಲೆನ್ ಬಂದು ನೋಡಿದಳು. ಮೆಟ್ಟಿಲ ಮೇಲೆ ಕುಸಿದು ಕೂತಳು. ‘ತಾವೊಬ್ಬರೇ ಕಲಸಿಬಿಟ್ಟಿರಾ?’ ಕಣ್ಣಲ್ಲಿ ನೀರು.

ಶೇಖರ ನನ್ನನ್ನು ಪಕ್ಕಕ್ಕೆ ಕರೆದ. ‘ಅವ್ರ ಕಡೆ ಹಬ್ಬಕ್ಕೆ ತಿಂಗಳು ಮೊದಲು ಬರೋ ಈ ಭಾನುವಾರ ಮನೇಲಿರೋ ಎಲ್ರೂ ಇದನ್ನ ಒಂದೊಂದು ಸುತ್ತು ತಿರುಗಿಸ್ಬೇಕಂತೆ. ಮನಸಿನಲ್ಲೇ ಒಂದು ಬೇಡ್ಕೋಬೇಕಂತೆ. ಅವ್ವನ ಕೈ ಒಂದು ಇದ್ರಲ್ಲಿ ಬಿದ್ರೆ ಸಾಕು ಅಂತ ಎರಡು ವರ್ಷದಿಂದ ಕಾಯ್ತಿದಾಳೆ ಕಣ್ರೀ.’

ನನ್ನ ಅಡುಗೆ ಸಾಲದೆ ಮುಖ ಸಿಂಡರಿಸಿದವರನ್ನು ಕಂಡಿದ್ದೇನೆ. ನಾನು ಕೆಲಸ ಪೂರ್ತಿ ಮುಗಿಸಿದ್ದಕ್ಕೆ ಅತ್ತವರನ್ನು ಕಂಡಿರಲಿಲ್ಲ. ಪುಣ್ಯಕ್ಕೆ ಒಣದ್ರಾಕ್ಷಿ ಇನ್ನೂ ಬಟ್ಟಲಲ್ಲೇ ಇತ್ತು.

‘ಅಳಬೇಡಮ್ಮ, ದ್ರಾಕ್ಷಿ ಹಾಕೋದು ಬಾಕಿ ಐತಿ’ ಎಂದು ಅದನ್ನು ಸುರಿದೆ. ಸೌಟು ಚಾಚಿದೆ.

ಶೇಖರ ತಿರುಗಿಸಿದ. ಹೆಲೆನ್ ಕಣ್ಣು ಮುಚ್ಚಿ ತಿರುಗಿಸಿದಳು. ಆಮೇಲೆ ಸೌಟು ಪಾತ್ರೆಯಲ್ಲೇ ನಿಂತಿತು. ಬಾಗಿಲಲ್ಲಿ ಗಂಗಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

‘ನಾನೂ ತಿರುಗಿಸ್ಬೇಕಂತಾ?’ ಕೇಳಿದ್ದು ಮಗನನ್ನು.

ಶೇಖರ ಬಾಯಿ ತೆರೆಯುವಷ್ಟರಲ್ಲಿ ಹೆಲೆನ್ ಅವನ ತೋಳು ಹಿಡಿದು ತಡೆದಳು.

‘ತಿರುಗಿಸಿ, ಅತ್ತೆ.’

‘ತಾವು’ ಇಲ್ಲ, ‘ದಯಮಾಡಿ’ಯೂ ಇಲ್ಲ. ನಾನು ಬೆಂಕಿ ನೋಡುತ್ತಾ ನಿಂತೆ.

ಗಂಗಮ್ಮ ನಿಧಾನವಾಗಿ ಬಂದು ಸೌಟು ಹಿಡಿದರು. ‘ಯಾವ ಕಡೆಯಿಂದ?’

‘ಪೂರ್ವದಿಂದ ಪಶ್ಚಿಮಕ್ಕೆ.’

‘ಅಂದ್ರೆ ಸೂರ್ಯ ಹೋದಂಗೆ. ನಾವು ಆರತಿ ಎತ್ತೋದೂ ಹಂಗೇ ಅಲ್ಲೇನೇ?’

ಒಂದು ಸುತ್ತಾಯಿತು, ಎರಡಾಯಿತು.

‘ಒಂದೇ ಸಾಕು, ಅತ್ತೆ.’

‘ನೀ ಸುಮ್ನಿರು. ಮೂರು ಇರ್ಲಿ.’

ಏನು ಬೇಡಿಕೊಂಡರೋ. ಕೇಳಬಾರದಂತೆ, ಕೇಳಲಿಲ್ಲ. ಯಾವ ದೇಶದ ಯಾವ ಅಜ್ಜಿ, ಯಾವ ಚಳಿಯಲ್ಲಿ ಕೂತು ಇಂಥದ್ದೊಂದು ಪದ್ಧತಿ ಕಟ್ಟಿದಳೋ. ಅದು ಅಷ್ಟು ದೂರ ಬಂದು ಸೊರಬ ತಾಲ್ಲೂಕಿನ ಒಂದು ಹಿತ್ತಿಲಲ್ಲಿ ಕೆಲಸ ಮಾಡಿತಲ್ಲ. ಸಾವಿರ ಎಲೆಯ ಊಟ ಬಡಿಸಿದ ದಿನವೂ ನಾನು ಹೀಗೆ ಕೈಕಟ್ಟಿ ನಿಂತಿರಲಿಲ್ಲ.

ಬಟ್ಟೆಯಲ್ಲಿ ಕಟ್ಟಿ ಹಬೆಗಿಟ್ಟೆ. ನೀರು ಬತ್ತದಂತೆ ಎಂಟು ತಾಸು ಕಾಯಬೇಕಲ್ಲ, ಟವೆಲ್ ಹಾಸಿ ಕೂತೆ. ಕೂತು ಕಾಲು ತಾಸಾಗಿಲ್ಲ, ಗಂಗಮ್ಮ ಎರಡು ಮಣೆ ತಂದು ಒಲೆ ಪಕ್ಕ ಹಾಕಿದರು.

‘ನೀವು ಮನೆಗೆ ಹೋಗ್ರೀ. ನೀರು ನಾವಿಬ್ರೂ ನೋಡ್ಕೋತೀವಿ.’

ಪಾತ್ರೆ ಅಲ್ಲೇ ಬಿಟ್ಟು, ಉರಿಯುವ ಒಲೆ ಅಲ್ಲೇ ಬಿಟ್ಟು, ಬಸ್ ಹತ್ತಿದೆ.

ಅಡುಗೆಯವನನ್ನೇ ಎಬ್ಬಿಸಿ ಮನೆಗೆ ಕಳಿಸುವಂಥ ಹಬ್ಬ ನಿಮ್ಮ ಮನೆಯಲ್ಲಿ ಯಾವುದಿದೆ, ಹೇಳಿ ನೋಡೋಣ?