ಹಸಿದವರ ಪರವಾಗಿ ಟೈಲರಮ್ಮ

ಟೈಲರಮ್ಮನ ಬಾಯಿ ಅವಳ ಹೊಲಿಗೆ ಯಂತ್ರಕ್ಕಿಂತ ಜೋರು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದ ಅವಳ ಅಂಗಡಿಗೆ ಅಳತೆ ಕೊಡಲು ಬಂದವರು ಊರಿನ ಅರ್ಧ ಸುದ್ದಿ ಕೇಳಿಸಿಕೊಂಡೇ ಹೋಗಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವನ ತಂಗಿಯೂ ಇವಳ ಜೊತೆಗೇ ಇದ್ದಳು. ಗುಂಡಿ ಹಾಕುವುದು, ಕಾಜಾ ಮಾಡುವುದು, ಇಸ್ತ್ರಿ ಹಾಕುವುದು ನಾದಿನಿಯ ಕೆಲಸ. ಮಾತಾಡುವುದು ಅತ್ತಿಗೆಯ ಕೆಲಸ.

ಹಾಗಾಗಿಯೇ ಇರಬೇಕು, ಹಸಿವು ನೀಗಿಸುವ ಕೆಲಸಕ್ಕೆ ಚರ್ಚಿನಿಂದ ಒಬ್ಬರು ಸ್ವಯಂಸೇವಕರು ಬೇಕೆಂದಾಗ ಅಲ್ಲಿನ ಪಾದ್ರಿಗಳಾದ ಸಭಾಪಾಲಕರ ಕಣ್ಣು ನೇರ ಇವಳ ಮೇಲೆ ಬಿತ್ತು.

"ಹಸಿದವರ ಪರವಾಗಿ ಮಾತಾಡೋದಮ್ಮ. ಆರಾಧನೆ ಮುಗಿದ ಮೇಲೆ ಸಭೆಯವರಿಗೆ ನಾಲ್ಕು ಮಾತು ಹೇಳೋದು, ದವಸ ಒಟ್ಟುಮಾಡೋದು, ಬೇಕಾದಾಗ ಅಧಿಕಾರಿಗಳ ಹತ್ರ ಹೋಗಿ ಕೇಳೋದು."

"ಮಾತಾಡೋದೇ ಕೆಲಸ ಅಂದ್ರೆ ನಾನೇ ಸಂಬಳ ಕೊಟ್ಟು ಮಾಡ್ತೀನಿ ಅಯ್ಯನವರೇ," ಎಂದಳು ಟೈಲರಮ್ಮ.

ಚೆನ್ನಾಗಿಯೇ ಮಾತಾಡಿದಳು. ದೂರದ ದೇಶಗಳ ಬರ, ಯುದ್ಧ, ತಾಯಂದಿರ ಪಾಡು ಹೇಳಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕಿ, ಹಿಟ್ಟು, ಎಣ್ಣೆ ಬಂದು ಬೀಳುತ್ತಿದ್ದವು. ಅದನ್ನೆಲ್ಲ ಚೀಲಗಳಲ್ಲಿ ಕಟ್ಟಿ, ಭಾನುವಾರ ಚರ್ಚಿನ ದೊಡ್ಡ ಗೇಟಿನ ಬಳಿ ನಿಂತು ಹಂಚುತ್ತಿದ್ದಳು. ಇಸಿದುಕೊಳ್ಳಲು ಬರುವವರು ಮಾತ್ರ ಬೆರಳೆಣಿಕೆಯಷ್ಟು. ನಮ್ಮೂರಲ್ಲಿ ಅಂಥ ಹಸಿವಿಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಿದ್ದಳು.

ಹೀಗಿರುವಾಗ ಚರ್ಚಿನಲ್ಲಿ ಆರ್ಗನ್ ನುಡಿಸುವ ಮಾಷ್ಟ್ರು ಪ್ಯಾಂಟಿನ ಸೊಂಟ ಸಣ್ಣ ಮಾಡಿಸಲು ಬಂದರು. ಸ್ವಲ್ಪ ದಿನದ ಹಿಂದಷ್ಟೇ ಅದೇ ಪ್ಯಾಂಟನ್ನು ಅವಳೇ ಒಳಗೆ ಹಿಡಿದು ಸಣ್ಣ ಮಾಡಿಕೊಟ್ಟಿದ್ದಳು.

"ಏನ್ ಮಾಷ್ಟ್ರೇ, ಮದುವೆ ಗಿದುವೆ ನಿಶ್ಚಯ ಆಯ್ತಾ? ಇನ್ನೊಂದ್ಸಲ ಒಳಗೆ ಹಿಡಿದ್ರೆ ಎರಡು ಜೇಬೂ ಬೆನ್ನ ಹಿಂದೆ ಕೈ ಕುಲುಕ್ತವೆ!"

ಮಾಷ್ಟ್ರು ನಕ್ಕರು. ನಗುತ್ತಲೇ ಇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡರು. ನಾದಿನಿ ಕುರ್ಚಿ ಎಳೆದು ಕೂರಿಸಿ, ಚಹಾದ ಜೊತೆ ಒಂದು ತಟ್ಟೆ ಬಿಸ್ಕತ್ತು ತಂದಿಟ್ಟಳು. ಅವರು ಒಂದಾದ ಮೇಲೊಂದು ತಿಂದರು. ಬೆರಳಿಗೆ ಬರಿ ತಟ್ಟೆ ತಗುಲಿದಾಗಲೇ ಎಚ್ಚರವಾದದ್ದು. ಮುಖ ಕೆಂಪಾಯಿತು. ಪ್ಯಾಂಟನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದರು.

"ಅತ್ತಿಗೆ, ಅವರು ಊಟ ಮಾಡಿ ಎಷ್ಟು ಹೊತ್ತಾಗಿದೆಯೋ," ಎಂದಳು ನಾದಿನಿ. "ಅವರು ಕಲಿಸ್ತಿದ್ದ ಸ್ಕೂಲಲ್ಲಿ ಸಂಗೀತದ ಪಾಠಾನೇ ನಿಲ್ಲಿಸಿದ್ರಂತಲ್ಲ, ಸಂಬಳ ಎಲ್ಲಿಂದ ಬರ್ಬೇಕು?"

ಮುಂದಿನ ಭಾನುವಾರ ಟೈಲರಮ್ಮ ಎಲ್ಲಕ್ಕಿಂತ ದೊಡ್ಡ ಚೀಲ ಕಟ್ಟಿ, ಗೇಟಿನ ಬಳಿ ಅವರನ್ನು ತಡೆದು ಕೈಗೇ ಇಟ್ಟಳು. "ನಿಮಗೇ ಅಂತ ಎತ್ತಿಟ್ಟಿದ್ದು ಮಾಷ್ಟ್ರೇ, ನಾಚ್ಕೋಬೇಡಿ." ಮೆಲ್ಲಗೆ ಹೇಳಬೇಕೆಂದಿದ್ದಳು. ಆದರೆ ಮೆಲ್ಲಗೆ ಮಾತಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಮಾಷ್ಟ್ರು ಚೀಲವನ್ನು ಮೋಟುಗೋಡೆಯ ಮೇಲೆ ಹುಷಾರಾಗಿ ಇಳಿಸಿ, ಹೊರಟುಬಿಟ್ಟರು.

ಅದರ ಮುಂದಿನ ವಾರ ಆರ್ಗನ್ನಿನ ಮುಚ್ಚಳ ತೆರೆಯಲಿಲ್ಲ. ಸಭೆಯವರು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಿ ಮುಗಿಸಿದರು.

ಅಂದೇ ಮಧ್ಯಾಹ್ನ ಟೈಲರಮ್ಮ ಒಂದು ಡಬ್ಬಿ ಸೂಪು, ಒಂದು ಬ್ರೆಡ್ಡು ಸೆರಗಿನ ಮರೆಯಲ್ಲಿಟ್ಟುಕೊಂಡು ಅವರ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಮಾಷ್ಟ್ರು ಒಳಗೆ ಕರೆಯಲಿಲ್ಲ.

"ತಪ್ಪಾಯ್ತು ಮಾಷ್ಟ್ರೇ. ನನ್ನ ನಾಲಿಗೆಗೆ ಕತ್ತರಿ ಹಾಕ್ಬೇಕು."

"ಕೊಟ್ಟಿದ್ದು ತಪ್ಪಲ್ಲಮ್ಮ," ಎಂದರು ಅವರು. "ಆ ಗೇಟಿನ ಹತ್ರ ಒಂದು ಕಡೆ ಕೊಡೋರು, ಇನ್ನೊಂದು ಕಡೆ ಇಸ್ಕೊಳ್ಳೋರು. ಇಷ್ಟು ವರ್ಷ ಈ ಕಡೆ ನಿಂತಿದ್ದೆ. ಆ ಕಡೆ ದಾಟೋಕೆ ಕಾಲೇ ಬರ್ಲಿಲ್ಲ. ನಾನೊಬ್ನೇ ಅಲ್ಲ. ಮೇಲಿನ ಮನೆ ಅಜ್ಜಿ ಬರಲ್ಲ, ಕೆಳಗಿನ ವಾಚ್‌ಮನ್ ಬರಲ್ಲ. ಎಲ್ರೂ ನೋಡ್ತಾರಲ್ಲ."

ಒಳಗಿನ ಹಾಸಿಗೆಯಿಂದ ಅವರ ತಾಯಿಯ ಧ್ವನಿ ಬಂತು. "ಯಾರೋ ಅದು? ತಿನ್ನೋಕೆ ಏನಾದ್ರೂ ತಂದಿದ್ದಾರಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮಾಷ್ಟ್ರಿಗೇ ನಗು ತಡೆಯಲಾಗಲಿಲ್ಲ. "ತಂದಿದ್ದೀನಮ್ಮಾ!" ಎಂದು ಟೈಲರಮ್ಮ ಅವರನ್ನು ದಾಟಿ ಒಳಗೆ ನಡೆದಳು. ಸೂಪು ಬಿಸಿ ಮಾಡಿ ಮೂರು ಬಟ್ಟಲಿಗೆ ಬಗ್ಗಿಸಿ, ತಾನೂ ಒಂದು ಹಿಡಿದು ಕೂತಳು. ಅವಳು ಕುಡಿಯತೊಡಗಿದ ಮೇಲೆ ಮಾಷ್ಟ್ರೂ ಚಮಚ ಎತ್ತಿದರು.

ಆ ವಾರವೇ ಚರ್ಚಿನ ಸಮಿತಿಯ ಮುಂದೆ ಹೋಗಿ ನಿಂತಳು. "ಗೇಟಿನ ಹಂಚಿಕೆ ಸಾಕು. ಹಿಂದಿನ ದೊಡ್ಡ ಕೋಣೇಲಿ ಭಾನುವಾರ ಎಲ್ರೂ ಸೇರಿ ಅಡುಗೆ ಮಾಡೋಣ, ಎಲ್ರೂ ಕೂತು ಉಣ್ಣೋಣ. ಮಿಕ್ಕಿದ್ದನ್ನ ಎಲ್ರೂ ಮನೆಗೆ ಒಯ್ಯೋಣ."

ಖಜಾಂಚಿ ಮೂಗು ಮುರಿದರು. "ಉಂಡು ಗಟ್ಟಿಯಾಗಿರೋರೂ ಬಂದು ಕೂತ್ಕೋತಾರಲ್ಲಮ್ಮ?"

"ಕೂತ್ಕೊಳ್ಳಲಿ ಅಂತಾನೇ ಹೇಳ್ತಿರೋದು. ಮೊದಲು ನೀವೇ ಬನ್ನಿ."

"ಮತ್ತೆ ಯಾರಿಗೆ ನಿಜವಾಗಿ ಕಷ್ಟ ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗಬಾರದು," ಎಂದಳು ಟೈಲರಮ್ಮ.

ಯಾರಿಗೋಸ್ಕರ ಇಷ್ಟು ಹಟ ಎಂದು ಸಭಾಪಾಲಕರು ಮೆಲ್ಲಗೆ ಕೇಳಿದರು. ಊರಿನ ಸುದ್ದಿಯೆಲ್ಲ ಹಂಚುವ ಟೈಲರಮ್ಮ ಅದೊಂದನ್ನು ಹೇಳಲಿಲ್ಲ. ಸಭಾಪಾಲಕರು ಅವಳ ಮುಖ ನೋಡಿ, ಮತ್ತೆ ಕೇಳದೆ, ಕೋಣೆಯ ಬೀಗದ ಕೈ ಕೊಟ್ಟರು.

ಮೊದಲ ಭಾನುವಾರ ಮಾಷ್ಟ್ರು ಬರುತ್ತಾರೋ ಇಲ್ಲವೋ ಎಂದು ಅವಳ ಜೀವ ಕೈಯಲ್ಲಿತ್ತು. ಬಂದರು. ಶರಟಿನ ತೋಳು ಮಡಚಿ, ಒಂದು ಬುಟ್ಟಿ ಈರುಳ್ಳಿ ಮುಂದಿಟ್ಟುಕೊಂಡು ಹೆಚ್ಚುತ್ತ ಕೂತರು. ಅವರ ಪಕ್ಕದಲ್ಲೇ ಕಣ್ಣು ಉರಿಸಿಕೊಳ್ಳುತ್ತ ಖಜಾಂಚಿ. ನಿಧಾನವಾಗಿ ಮೇಲಿನ ಮನೆಯ ಅಜ್ಜಿ ಬಂದಳು, ಪಾತ್ರೆ ತೊಳೆಯುವುದು ತನ್ನ ಹಕ್ಕು ಎಂದು ಜಗಳವಾಡಿದಳು. ವಾಚ್‌ಮನ್ ಹೆಂಡತಿ ಮಕ್ಕಳ ಜೊತೆ ಬಂದ. ಟೈಲರಮ್ಮನಿಗೆ ಹೆಸರೂ ತಿಳಿಯದ ಎಷ್ಟೋ ಜನ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತು ಉಂಡರು.

ಮಕ್ಕಳ ತಾಯಂದಿರಿಂದಲೇ ಅವಳಿಗೆ ಇನ್ನೊಂದು ವಿಷಯ ತಿಳಿಯಿತು: ಶಾಲೆಯಲ್ಲಿ ಸಿಗುವ ಮಧ್ಯಾಹ್ನದ ಊಟ ರಜೆ ಬಂದರೆ ನಿಂತುಹೋಗುತ್ತದೆ. ಅದಕ್ಕಾಗಿ ನಗರಸಭೆಗೆ ಕಾಲು ಸವೆಸಿದಳು. ಇಂದು ನಾಳೆ ಎಂದು ಸತಾಯಿಸಿದ ಅಧಿಕಾರಿ ಕೊನೆಗೆ ರಜೆಯಲ್ಲೂ ಒಂದು ಶಾಲೆಯ ಅಡುಗೆಮನೆ ತೆರೆದಿಡಲು ಒಪ್ಪಿದರು. ಉಳಿದ ಶಾಲೆಗಳಿಗಾಗಿ ಅವಳು ಈಗಲೂ ಓಡಾಡುತ್ತಿದ್ದಾಳೆ. ಅವಳಿಲ್ಲದ ಹೊತ್ತಿನಲ್ಲಿ ಅಂಗಡಿ ನಡೆಯಲೆಂದು ಅಳತೆ ತೆಗೆಯುವುದನ್ನು ನಾದಿನಿ ಕಲಿತುಕೊಂಡಿದ್ದಾಳೆ.